ಒಲೆಯ ಮೇಲೆ ಅಗಸಿ ಇದೆ

ಅಂಗಳಕ್ಕೆ ನೀರು ಹಾಕಿ, ಹಾಲು ಕಾಯಿಸಿ, ಯಜಮಾನರ ಡಬ್ಬಿಗೆ ರೊಟ್ಟಿ ಪಲ್ಯ ತುಂಬಿದ ಮೇಲೆ ತಲೆ ಬಾಚಿ, ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡುವುದು ನನ್ನ ದಿನಚರಿ. ಉಂಡೆ ಕಡಲೆಕಾಳಿನಷ್ಟಿದ್ದರೆ ಅವತ್ತು ನಾನು ತರಕಾರಿಯವನ ಜೊತೆಗೂ ನಗುತ್ತಾ ಮಾತಾಡುತ್ತೇನೆ. ಲಿಂಬೆಹಣ್ಣಿನಷ್ಟಾದರೆ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆಯುತ್ತೇನೆ. ಆ ಶನಿವಾರ ನಮ್ಮ ಮನೆಯಲ್ಲಿ ಎಲ್ಲರೂ ಸಪ್ಪೆ ಚಹಾ ಕುಡಿದರು.

ಯಜಮಾನರು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದಾರೆ. ಜಗತ್ತನ್ನೆಲ್ಲ ಅವರು ಹೊಲವಾಗಿಯೇ ನೋಡುವುದು. ಬಸ್ಸಿಗೆ ಹೊರಟವರು ನನ್ನ ಬೈತಲೆಯ ಮೇಲೊಮ್ಮೆ ಕಣ್ಣಾಡಿಸಿ, "ಮೊಳಕಿ ಪ್ರಮಾಣ ಕಡಿಮಿ ಆಗೇತಿ ನೋಡು" ಎಂದರು. "ನಿಮ್ಮದು ಪೂರಾ ಬೀಳು ಬಿದ್ದೈತಿ, ಮೊದ್ಲ ಅದನ್ನ ಉಳಿಸ್ಕೋರಿ" ಎಂದೆ. ಅವರು ತಲೆಯ ಮೇಲೆ ಕೈಯಾಡಿಸಿಕೊಂಡು, ಬಿತ್ತನೆಯ ಆಸೆ ಬಿಟ್ಟ ರೈತನ ನೆಮ್ಮದಿಯಲ್ಲಿ ಹೊರಟುಹೋದರು.

ನನಗೆ ಆ ನೆಮ್ಮದಿ ಇರಲಿಲ್ಲ. ಹೋದ ವರ್ಷ ಬಂದ ಜ್ವರವೇನೋ ಬಿಟ್ಟಿತು, ಹೋಗುವಾಗ ನನ್ನ ಅರ್ಧ ಜಡೆಯನ್ನೂ ಹೊತ್ತುಕೊಂಡು ಹೋಯಿತು. ಹಾವೇರಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದಾಗ ನನ್ನ ಹೆಸರೇ 'ಎರಡು ಜಡಿ'. ಚಿಕ್ಕಂದಿನಲ್ಲೇ ಅವ್ವ ತೀರಿಹೋಗಿದ್ದರಿಂದ ಆ ಎರಡು ಜಡೆಗಳನ್ನು ದಿನಾ ಬೆಳಿಗ್ಗೆ ಹಾಕುತ್ತಿದ್ದವರು ಹಾಸ್ಟೆಲಿನ ಸಿಸ್ಟರ್. ಕಪ್ಪು ರಿಬ್ಬನ್ನನ್ನು ಬಿಗಿಯಾಗಿ ಕಟ್ಟಿ, ಕೊನೆಗೆ ಎರಡೂ ಜಡೆಗಳನ್ನು ಒಮ್ಮೆ ಮೆಲ್ಲಗೆ ಜಗ್ಗುವರು. ಹೋಗು ಎಂದು ಅದರ ಅರ್ಥ. ಅವರು ಈಗ ಮಂಗಳೂರಿನ ಕಡೆ ವಿಶ್ರಾಂತಿಯಲ್ಲಿದ್ದಾರೆ. ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ ಅವರನ್ನು ಒಂದು ದಿನದ ಮಟ್ಟಿಗೆ ಹಾವೇರಿಗೆ ಕರೆಸಿದ್ದರು. ಆ ದಿನವೇ ಈ ಶನಿವಾರ. ಹೋಗದಿದ್ದರೆ ಮತ್ತೆ ಅವರನ್ನು ನೋಡುತ್ತೇನೋ ಇಲ್ಲವೋ. ಹೋದರೆ ಅವರು ಅಷ್ಟು ಜೋಪಾನ ಮಾಡಿದ್ದನ್ನು ನಾನು ಏನು ಮಾಡಿಕೊಂಡೆ ಎಂದು ತೋರಿಸಬೇಕು.

ಹಾಗಾಗಿ ತಿಂಗಳ ಹಿಂದಿನಿಂದಲೇ ಮನೆಯಲ್ಲಿ ಉಪಚಾರ ಶುರುವಾಗಿತ್ತು. ಬಾಳೆಹಣ್ಣು ಕಿವುಚಿ ಹಚ್ಚಿದೆ. ಅದು ಕೂದಲಿನಿಂದ ಹೋಗಲೊಲ್ಲದೆ, ದಿಂಬಿಗೆ ಇರುವೆ ಸಾಲುಗಟ್ಟಿ ಬಂದವು. ಈರುಳ್ಳಿ ರಸ ಹಚ್ಚಿದೆ. ಯಜಮಾನರು ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದರು. ಮೊಬೈಲಿನ ವಿಡಿಯೋದಲ್ಲಿ ಹೇಳಿದ ಮೊಟ್ಟೆ ನಮ್ಮ ಮನೆಯ ಹೊಸ್ತಿಲು ದಾಟುವಂತಿಲ್ಲ. ಕೊನೆಗೆ 'ಫ್ಲ್ಯಾಕ್ಸ್ ಸೀಡ್' ಕುದಿಸಿದ ಲೋಳೆ ಹಚ್ಚಿದರೆ ಕೂದಲು ರೇಷ್ಮೆಯಾಗುತ್ತದೆ ಎಂದು ಒಬ್ಬಾಕೆ ಇಂಗ್ಲಿಷಿನಲ್ಲಿ ಆಣೆ ಮಾಡಿ ಹೇಳಿದಳು. ದೂರದ ಊರಿನಿಂದ ಅದನ್ನು ತರಿಸಿಯೂ ಬಿಟ್ಟೆ.

ಪೊಟ್ಟಣವನ್ನು ಒಡೆದು ನೋಡಿದವರು ನಮ್ಮತ್ತೆ. ಗುತ್ತಲದವರು, ಮಾತು ಖಡಕ್ಕು, ಮನಸ್ಸು ಬೆಣ್ಣೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಇದು ಅಗಸಿ ಅಲ್ಲೇನವಾ? ಮನ್ಯಾಗ ಡಬ್ಬಿ ತುಂಬ ಅಗಸಿ ಇಟಗೊಂಡು ಪೋಸ್ಟಿನ್ಯಾಗ ಅಗಸಿ ತರಿಸೀಯಲ್ಲ, ಬಾವ್ಯಾಗಿನ ನೀರಿಗೂ ಪೋಸ್ಟ್ ಹಚ್ಚು!" ಎಂದರು. ನಾಚಿಕೆಯಾಯಿತು, ಅದು ತಲೆಗೆಂದು ಹೇಳಲೇ ಇಲ್ಲ. ಆದರೆ ನನ್ನದೇನು ತಪ್ಪು? ಫ್ಲ್ಯಾಕ್ಸ್ ನನಗೆ ಪರಿಚಯವಾದದ್ದು ಕಾನ್ವೆಂಟಿನ ಭೂಗೋಳದ ಪುಸ್ತಕದಲ್ಲಿ. ಅಗಸಿ ಪರಿಚಯವಾದದ್ದು ಅತ್ತೆಯ ಅಡುಗೆಮನೆಯಲ್ಲಿ, ರೊಟ್ಟಿಯ ಪಕ್ಕದ ಖಾರದ ಪುಡಿಯಾಗಿ. ಆ ಪುಡಿಗೆ ನಮ್ಮ ಕಡೆ ಅಗಸಿ ಹಿಂಡಿ ಎನ್ನುತ್ತಾರೆ. ಇಬ್ಬರೂ ಇಷ್ಟು ವರ್ಷ ನನ್ನ ತಲೆಯೊಳಗೇ ಇದ್ದು ಒಬ್ಬರನ್ನೊಬ್ಬರು ಮಾತಾಡಿಸಿರಲಿಲ್ಲ.

ಶನಿವಾರ ಯಜಮಾನರು ಹೊರಟ ಮೇಲೆ ಅಗಸಿಯನ್ನು ನೀರಿಗೆ ಹಾಕಿ, ಹಿತ್ತಲಿನ ಕೆಂಪು ದಾಸವಾಳದ ಎಸಳು ಸೇರಿಸಿ ಕುದಿಯಲಿಟ್ಟೆ. ಅಷ್ಟರಲ್ಲಿ ಮಾಳಿಗೆಯ ಮೇಲೆ ಬಟ್ಟೆ ಹರವುವುದು ನೆನಪಾಯಿತು. "ಅತ್ತೀ, ಒಲಿ ಮ್ಯಾಲ ಅಗಸಿ ಐತಿ, ಒಂದೀಟ ನೋಡ್ಕೋರಿ" ಎಂದು ಕೂಗಿ ಮೇಲೆ ಹೋದೆ. ಕೆಳಗೆ ಬರುವಷ್ಟರಲ್ಲಿ ಪಾತ್ರೆ ಒಲೆಯಿಂದ ಇಳಿದು ಮುಚ್ಚಿತ್ತು. ಅತ್ತೆ ದೇವರ ಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹಳೆಯ ಪಂಚೆಯ ತುಂಡಿನಲ್ಲಿ ಲೋಳೆ ಸೋಸಿದೆ. ಆಹಾ, ಎಂಥ ಕೆಂಪು! ವಿಡಿಯೋದವಳ ದಾಸವಾಳಕ್ಕಿಂತ ನಮ್ಮ ಬ್ಯಾಡಗಿಯ ದಾಸವಾಳವೇ ಚೆಂದ ಎಂದುಕೊಂಡು, ಬುಡದಿಂದ ತುದಿಯವರೆಗೆ ಧಾರಾಳವಾಗಿ ಮೆತ್ತಿದೆ.

ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯವರ ಮೂಗನ್ನು ನಂಬಬಾರದು. ಬೀದಿ, ಬಸ್ಸು, ಬ್ಯಾಂಕು, ಮದುವೆಯ ಸೀರೆ, ಎಲ್ಲಕ್ಕೂ ಅದೇ ಘಾಟು. ಪರ ಊರಿನವರು ಸೀನುತ್ತಾರೆ; ನಾವು ಹವೆ ಚೆನ್ನಾಗಿದೆ ಎನ್ನುತ್ತೇವೆ. ತಲೆ ಚುರುಚುರು ಎನ್ನತೊಡಗಿದಾಗಲೂ ಔಷಧ ಬೇರಿಗೆ ಮುಟ್ಟಿತೆಂದು ಹಿಗ್ಗಿದೆ.

ಅಷ್ಟರಲ್ಲಿ ಅತ್ತೆ ಸುಲಿದ ಬೆಳ್ಳುಳ್ಳಿ ಹಿಡಿದು ಬಂದರು. "ಅಗಸಿ ಎಲ್ಲೈತವಾ?"

"ತಲಿಗೆ ಹಚಗೊಂಡೆ."

ಅತ್ತೆ ನನ್ನನ್ನು, ಬೆಳ್ಳುಳ್ಳಿಯನ್ನು, ಖಾಲಿ ಪಾತ್ರೆಯನ್ನು ಸರದಿಯಂತೆ ನೋಡಿದರು. "ಯವ್ವಾ ನಮ್ಮವ್ವಾ! ಹಿಂಡಿ ಮಾಡಾಕ ಹೋಗಿ ನೀರ ಸುರದೀಯಲ್ಲಾ ಅಂತ ನಾನ ರಿಪೇರಿ ಮಾಡೀನಿ. ಖಾರಪುಡಿ ಹಾಕೀನಿ, ಉಪ್ಪು ಹಾಕೀನಿ, ಮ್ಯಾಲ ಶೇಂಗಾ ಎಣ್ಣಿ ಬಿಟ್ಟೀನಿ. ಬಳ್ಳೊಳ್ಳಿ ಒಂದ ಬಾಕಿ ಇತ್ತು!"

ನಮ್ಮೂರಿನ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಒಂದು ಗುಣದಿಂದಲೇ ನಾನು ಇವತ್ತು ಕೂತು ಇದನ್ನು ಬರೆಯುತ್ತಿದ್ದೇನೆ. ಬಚ್ಚಲಿಗೆ ಓಡಿ ಸೀಗೇಕಾಯಿ, ಕಡಲೆಹಿಟ್ಟು, ಮತ್ತೆ ಸೀಗೇಕಾಯಿ ಹಾಕಿ ತಿಕ್ಕಿದೆ. ಅತ್ತೆ ನೀರು ಹಾಕುತ್ತಾ, "ಕಣ್ಣ ಮುಚ್ಚು, ಬಾಯೀನೂ ಮುಚ್ಚು" ಎನ್ನುತ್ತಿದ್ದರು. ತಿಕ್ಕಿ ತಿಕ್ಕಿ ಸುಸ್ತಾಗಿ, "ನಾ ಹಾವೇರಿಗೆ ಹೋಗಂಗಿಲ್ರಿ" ಎಂದು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟೆ. ದುಃಖ ಉಕ್ಕಿ ಬಂತು. ಅದರಲ್ಲಿ ಖಾರದ ಪಾಲೆಷ್ಟು ಎಂದು ಹೇಳಲಾರೆ.

ಅತ್ತೆ ನನ್ನ ತಲೆಗೆ ಟವೆಲು ಸುತ್ತಿ ಬಿಗಿದರು. "ಜಡಿ ಅಷ್ಟ ಬೇಕಾಗಿದ್ರ ನಿಮ್ಮ ಸಿಸ್ಟರೂ ಪೋಸ್ಟಿನ್ಯಾಗ ತರಸ್ತಿದ್ಲು. ಅಷ್ಟ ದೂರಿಂದ ಮುದುಕಿ ಬರಾಕತ್ತಾಳಂದ್ರ ನಿನ್ನ ಮಾರಿ ನೋಡಾಕ. ಏಳು, ಬಸ್ಸ ಹೋಗತೈತಿ."

ಒದ್ದೆ ಕೂದಲನ್ನು ಹೆಣೆಯಲಾಗದೆ ಹಾಗೇ ಬಿಟ್ಟುಕೊಂಡು ಹೋದೆ. ಹಾವೇರಿಯಲ್ಲಿ ನನ್ನ ಗೆಳತಿಯರನ್ನು ನೋಡಿ ಜೀವಕ್ಕೆ ಹಾಯೆನಿಸಿತು. ಒಬ್ಬಳಿಗೆ ಹಣೆ ಅಗಲವಾಗಿದೆ, ಒಬ್ಬಳಿಗೆ ಸೊಂಟ. ಇನ್ನೊಬ್ಬಳ ಕೂದಲು ಎಷ್ಟು ಕಪ್ಪೆಂದರೆ ಅದನ್ನು ನಂಬುವುದೇ ಕಷ್ಟ. ಎಲ್ಲರೂ ಬಂದು ಬಂದು ನನ್ನ ಹೆಗಲಿಗೆ ಒರಗಿದರು. ಪಕ್ಕ ಕೂತ ಶೈಲಾ ಅಂತೂ ನನ್ನ ಕಡೆ ವಾಲಿ ವಾಲಿ, "ಯಾಕೋ ಭಾಳ ಹಸಿವ್ಯಾಗೇತಿ, ಊಟ ಎಷ್ಟೊತ್ತಿಗಿ?" ಎಂದು ಕೇಳುತ್ತಲೇ ಇದ್ದಳು. ಇಷ್ಟು ವರ್ಷದ ಮೇಲೂ ಎಂಥ ಪ್ರೀತಿ ಎಂದುಕೊಂಡೆ.

ಸಿಸ್ಟರ್ ಕಣ್ಣಿಗೆ ಈಗ ಮಬ್ಬು. ನನ್ನ ದನಿಯಿಂದಲೇ ಗುರುತು ಹಿಡಿದು, ಹಿಂದೆ ಮಾಡುತ್ತಿದ್ದಂತೆ ನನ್ನನ್ನು ಎದುರಿಗೆ ನೆಲಕ್ಕೆ ಕೂರಿಸಿಕೊಂಡರು. ಅವರ ಬೆರಳು ಬೈತಲೆಯ ಉದ್ದಕ್ಕೂ ಬಂದು ಹಣೆಯ ಅಂಚಿನಲ್ಲಿ ನಿಂತಿತು. "ಇಲ್ಲಿ ಸಣ್ಣ ಸಣ್ಣ ಕೂದಲು ಬರ್ತಾ ಇದೆಯಲ್ಲ ಮಗು. ಮಕ್ಕಳಿಗೆ ಬಂದ ಹಾಗೆ ಮೆತ್ತಗಿದೆ. ನೀನು ನೋಡಿಲ್ವಾ?" ಎಂದರು. ನಾನು ನೋಡಿರಲಿಲ್ಲ. ಬಾಚಣಿಗೆಗೆ ಬಂದದ್ದನ್ನು ನೋಡಿದ್ದೆನೇ ಹೊರತು ತಲೆಯಲ್ಲಿ ಬರುತ್ತಿರುವುದನ್ನು ಯಾವತ್ತು ನೋಡಿದ್ದೆ? ಇರುವಷ್ಟೇ ಕೂದಲನ್ನು ಅವರು ಎರಡು ಭಾಗ ಮಾಡಿ, ಒಂದೊಂದನ್ನೂ ಮೆಲ್ಲಗೆ ಜಗ್ಗಿದರು.

ಮರಳಿ ಬರುವಾಗ ಬಸ್ಸಿನ ಕಿಟಕಿಯ ಗಾಳಿಗೆ ಕೂದಲು ಹಾರುತ್ತಿದ್ದರೂ ಕಟ್ಟಿಕೊಳ್ಳಲಿಲ್ಲ. ಹಣೆಯ ಮೇಲೆ ಕೈಯಾಡಿಸಿಕೊಳ್ಳುತ್ತಾ, ಚಲನಚಿತ್ರದ ನಾಯಕಿಯ ಹಾಗೆ ನಮ್ಮೂರಿನ ಸ್ಟ್ಯಾಂಡಿನಲ್ಲಿ ಇಳಿದೆ. ಸಂಜೆಯಾಗಿತ್ತು. ಪಕ್ಕದ ಮನೆಯ ಗಿರಿಜಕ್ಕ ಸಂತೆ ಚೀಲ ಹಿಡಿದು ಜೊತೆಯಾದರು. ನಾಲ್ಕು ಹೆಜ್ಜೆ ನಡೆದು, ಮೂಗು ಅರಳಿಸಿ, ನನ್ನ ಭುಜದ ಕಡೆ ಬಾಗಿ ಹೇಳಿದರು:

"ವೈನಿ, ಗಾಳಿ ಬೀಸಿದಾಗೊಮ್ಮೆ ಅಗಸಿ ಹಿಂಡಿ ಘಮ್ ಅಂತೈತಲ್ರಿ. ಚೀಲದಾಗ ಇಟ್ಟೀರೇನು? ಇದ್ರ ಒಂದೀಟ ಕೊಡ್ರಿ, ಮನ್ಯಾಗ ಬಿಸಿ ರೊಟ್ಟಿ ಅದಾವು."