ಕಾಯುವ ಲ್ಯಾಪ್‌ಟಾಪು, ಹೆಂಡತಿಯ ರಾಟೆ

ನನ್ನ ಹೆಂಡತಿಗೆ ಕನ್ನಡ ಓದಲು ಬಾರದು. ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ. ಕೊಯಮತ್ತೂರು ಕಡೆಯ ನೆಗಮದಲ್ಲಿ ನಮ್ಮಂಥ ನೇಕಾರರು ಮನೆಯೊಳಗೆ ಆಡುವ ಕನ್ನಡ ಹೊಸಿಲು ದಾಟುವುದಿಲ್ಲ, ಹೊರಗೆಲ್ಲ ತಮಿಳು. ತಾತ ಕಿವಿ ಹಿಂಡಿ ಕಲಿಸಿದ್ದರಿಂದ ನನಗೆ ಅಕ್ಷರ ಬಂತು. ತಪ್ಪೊಪ್ಪಿಕೊಳ್ಳಲು ಇದಕ್ಕಿಂತ ಸುರಕ್ಷಿತವಾದ ಲಿಪಿ ನನಗೆ ಬೇರೆ ಇಲ್ಲ.

ಕಳೆದ ಆಡಿ, ಅಂದರೆ ಆಷಾಢದ, ರಿಯಾಯಿತಿಯಲ್ಲಿ ಕೊಯಮತ್ತೂರಿನ ಗಾಂಧಿಪುರಂನಿಂದ ಒಂದು ಗೇಮಿಂಗ್ ಲ್ಯಾಪ್‌ಟಾಪು ತಂದೆ. ಈ ಜನ್ಮದಲ್ಲಿ ನಾನು ಆಡಿದ ಆಟ ಗುಳಿಮಣೆಯ ಪಲ್ಲಾಂಗುಳಿ ಒಂದೇ, ಅದರಲ್ಲೂ ಅಕ್ಕನ ಕೈಲಿ ಸೋತವನು. ಆದರೆ ಸೀರೆಯಂಚಿನ ಡಿಸೈನು ಬಿಡಿಸಲು ಭಾರದ ಫೈಲುಗಳನ್ನು ಎಳೆಯುವ ಯಂತ್ರವೇ ಬೇಕು ಎಂದ ಅಂಗಡಿಯವನು. ಕೀಲಿಗಳ ಕೆಳಗೆ ಕೆಂಪು, ನೀಲಿ ದೀಪ ಹತ್ತಿದ್ದು ನೋಡಿ ನಾನು ಬಿದ್ದೇ ಹೋದೆ.

ಬೇಸಿಗೆ ಬಂದದ್ದೇ ಅದು ಕಾಯತೊಡಗಿತು. ವಾಲ್ಪಾರೈ ಘಾಟಿ ಹತ್ತುವ ಬಸ್ಸಿನಂತೆ ಏದುಸಿರು ಬಿಡುತ್ತಿತ್ತು. ಅಂಚಿನ ನವಿಲಿಗೆ ಬಾಲ ಬಿಡಿಸುವ ಹೊತ್ತಿಗೆ ತಾನೇ ಆರಿಹೋಗುತ್ತಿತ್ತು. ಕಾರಣ ನನಗೆ ಆ ಕ್ಷಣವೇ ಹೊಳೆಯಿತು: ಸರೋಜಳ ರಾಟೆ. ಅದೇ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ನನ್ನ ಹೆಂಡತಿ ನೂಲು ಸುತ್ತುತ್ತಾಳೆ, ಹತ್ತಿಯ ಧೂಳು ಹಾರುತ್ತದೆ; ಹತ್ತಿಗೆ ನಮ್ಮ ಮನೆಮಾತಿನಲ್ಲಿ ಪಂಜು. ರಾಟೆಯನ್ನು ಹಿತ್ತಿಲ ತಗಡಿನ ಸೂರಿನಡಿಗೆ ಸಾಗಿಸಿದೆ.

"ಏನುಂಗ, ಪೆಟ್ಟಿಗೆ ಕಾಯ್ತದೆ ಅಂತ ನನ್ನ ಬಿಸಿಲಿಗೆ ಹಾಕ್ತೀರಾ? ನನಗೇನು ವಾರಂಟಿ ಇದೆಯಾ?" ಎಂದಳು. ಮಧ್ಯಾಹ್ನಗಳಲ್ಲಿ ಅವಳು ಸೆರಗಿನಿಂದ ಕತ್ತು ಒರೆಸಿಕೊಳ್ಳುವುದನ್ನು ನೋಡಿ ಪಾಪ ಅನ್ನಿಸುತ್ತಿತ್ತು. ಆದರೂ ಮೂರು ತಿಂಗಳು ನಾನು ಜಗ್ಗಲಿಲ್ಲ. ಲ್ಯಾಪ್‌ಟಾಪೂ ತಣ್ಣಗಾಗಲಿಲ್ಲ.

ವಾರಂಟಿ ಶನಿವಾರಕ್ಕೆ ಮುಗಿಯುವುದಿತ್ತು. ಹೊಸದನ್ನೇ ಕೊಡಿಸಿಕೊಂಡು ಬರುವೆನೆಂದು ಹಟ ತೊಟ್ಟು, ಬಿಲ್ಲು, ರಟ್ಟಿನ ಪೆಟ್ಟಿಗೆ, ಅದರೊಳಗಿನ ಥರ್ಮಾಕೋಲು ಸಮೇತ ಗುರುವಾರ ಕೊಯಮತ್ತೂರಿನ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಯಂತ್ರವನ್ನು ಬಿಚ್ಚಿ, ಹಿಂಬದಿಯ ಗಾಳಿಕಿಂಡಿಗಳನ್ನು ತೋರಿಸಿದಳು. ಹಳದಿಯದೇನೋ ಗಟ್ಟಿಯಾಗಿ ಕೂತಿತ್ತು. "ಹೊರಗಿಂದ ಏನೋ ಹೋಗಿದೆ ಅಣ್ಣಾ. ಇದಕ್ಕೆ ವಾರಂಟಿ ಬರಲ್ಲ" ಎಂದು ತಮಿಳಿನಲ್ಲಿ ಹೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಈ ಯಂತ್ರವನ್ನು ದೇವರಂತೆ ನೋಡಿಕೊಂಡಿದ್ದೇನೆ, ಬೇಕಾದರೆ ಸಾಕ್ಷಿ ನೋಡಮ್ಮಾ ಎಂದು ಫೋನಿನಲ್ಲಿದ್ದ ಆಯುಧಪೂಜೆಯ ಫೋಟೊ ಮುಂದೆ ಹಿಡಿದೆ. ಸರೋಜ ತೆಗೆದದ್ದು. ಮಗ್ಗದ ಪಕ್ಕದಲ್ಲಿ ದೀಪ, ಲಾಳಿ, ಬಾಳೆಹಣ್ಣು, ನಡುವೆ ಲ್ಯಾಪ್‌ಟಾಪು. ಅದರ ಹಿಂಬದಿಯೇ ಹಣೆಯೆಂದು ಭಾವಿಸಿ, ನೀರಾದ ಗಂಧದಲ್ಲಿ ಮೂರು ಬೆರಳದ್ದಿ ಪಟ್ಟೆ ಎಳೆಯುತ್ತಿರುವವನು ನಾನು. ಒಂದು ಚುಕ್ಕೆ ಸಾಕು ಎಂದು ಸರೋಜ ಅಂದಿದ್ದೂ ಆಗ ನೆನಪಾಯಿತು.

ಹುಡುಗಿ ಫೋಟೊವನ್ನು ದೊಡ್ಡದು ಮಾಡಿದಳು. "ಮೂರು ಬೆರಳೂ ಚೆನ್ನಾಗಿ ಕಾಣ್ತವೆ ಅಣ್ಣಾ" ಎಂದಳು, ನಗದೆ. ಪಾಪ, ಬ್ರಷ್ಷು ಹಿಡಿದು ಎಲ್ಲ ಕೆರೆದು ತೆಗೆದಳು. ಯಂತ್ರ ಉಸಿರೆಳೆದು ತಣ್ಣಗೆ ಓಡಿತು.

ಮನೆಗೆ ಬಂದರೆ ಸರೋಜ ಕೇಳಿದಳು, "ಒಳಗೆ ಏನಿತ್ತಂತೆ?"

"ಪಂಜು" ಎಂದೆ.

ಅವಳು ಬಾಗಿ ಗಾಳಿಕಿಂಡಿಯನ್ನು ಮೂಸಿದಳು. "ನಮ್ಮ ಪಂಜಿಗೆ ಎಂದಿನಿಂದ ಸಂದನದ ವಾಸನೆ ಬಂತು?" ಅಷ್ಟೇ ಕೇಳಿದ್ದು. ನಾನು ಹಿತ್ತಿಲಿಗೆ ಹೋಗಿ ರಾಟೆಯನ್ನು ಹೊತ್ತು ತಂದು ಫ್ಯಾನಿನ ಕೆಳಗಿಟ್ಟೆ. ನಾಚಿಕೆಯಾಗಿತ್ತು. ಅವಳು ಲ್ಯಾಪ್‌ಟಾಪನ್ನು ನನ್ನ ಕೈಗಿತ್ತು, ತಗಡಿನ ಸೂರಿನ ಕಡೆ ಗದ್ದದಲ್ಲೇ ತೋರಿಸಿದಳು.

ಈಗ ಅಲ್ಲೇ ಕೂತಿದ್ದೇನೆ. ಯಂತ್ರ ತಣ್ಣಗಿದೆ, ನಾನು ಬೇಯುತ್ತಿದ್ದೇನೆ. ನೀರು ಕೊಡಲು ಬಂದವಳು ಪರದೆಯನ್ನು ನೋಡಿ, ಏನು ಬರೀತಿದ್ದೀರಿ ಎಂದಳು. ಕಂಪನಿಗೆ ಕಂಪ್ಲೇಂಟು ಎಂದೆ.

"ತಪ್ಪು ಯಾರ್ದು ಅಂತ ಸರಿಯಾಗಿ ಬರೀರಿ" ಎಂದು ಒಳಗೆ ಹೋದಳು.

ಬರೆದಿದ್ದೇನೆ.