ಎಡಗಿವಿಗೆ ಮಾವ, ಬಲಗಿವಿಗೆ ಅತ್ತೆ

ದಿನಕ್ಕೊಂದಾದರೂ ಫಜೀತಿ ಆಗದಿದ್ದರೆ ಅವತ್ತು ನಾನು ಕೆಲಸಕ್ಕೇ ಹೋಗಿಲ್ಲ ಎಂದು ತಿಳಿಯಬೇಕು. ರಾಣೆಬೆನ್ನೂರಿನ ಒಂದು ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ಹಾಡು ಹದ ಮಾಡುತ್ತೇನೆ. ಹಾಡುವವರ ದನಿ, ಡಪ್ಪು, ತಾಳ, ಹಾರ್ಮೋನಿಯಂ ಎಲ್ಲವೂ ಬೇರೆ ಬೇರೆ ರೆಕಾರ್ಡ್ ಆಗಿ ಬಂದಿರುತ್ತವೆ. ಯಾವುದು ಎಷ್ಟು ಕೇಳಬೇಕು, ಯಾವ ಕಡೆಯಿಂದ ಕೇಳಬೇಕು ಎಂದು ನೋಡಿ ಕೂಡಿಸುವುದು ನನ್ನ ಉದ್ಯೋಗ. ದೊಡ್ಡ ಊರಿನವರು ಇದನ್ನು ಎದುರಿಗೆ ಎರಡು ಸ್ಪೀಕರ್ ಇಟ್ಟುಕೊಂಡು ಮಾಡುತ್ತಾರೆ. ನನ್ನ ಕೋಣೆಯ ಮಾಲೀಕರು ಅಂಗಡಿಯ ಹಿಂದಿನ ಮನೆಯಲ್ಲೇ ಇರುವ ನಿವೃತ್ತ ಶಾಲಾ ಮಾಸ್ತರು. ಕೀಲಿ ಕೈ ಕೊಡುವಾಗಲೇ, “ಏನರ ಮಾಡ್ಕೊ ತಮ್ಮಾ, ಸಪ್ಪಳ ಮಾತ್ರ ಬ್ಯಾಡ” ಅಂದಿದ್ದರು. ಹಾಗಾಗಿ ನನಗೆ ಹೆಡ್‌ಫೋನೇ ಗತಿ.

ಹೆಡ್‌ಫೋನಿನಲ್ಲಿ ಕೇಳಿದ್ದು ಹೊರಗೂ ಹಾಗೇ ಕೇಳುತ್ತದೆ ಎಂಬ ನಂಬಿಕೆ ನನಗೆ ಇವತ್ತಿಗೂ ಬಂದಿಲ್ಲ. ಅದು ಒಂದು ಗೊಂದಲ. ಇನ್ನೊಂದು, ಆಗ ನನಗೆ ವಯಸ್ಸು ಮೂವತ್ತೆರಡಾಗಿತ್ತು, ಮದುವೆ ಆಗಿರಲಿಲ್ಲ. ಹೆಣ್ಣಿನ ಕಡೆಯವರು ಹುಡುಗ ಏನು ಕೆಲಸ ಮಾಡುತ್ತಾನೆ ನೋಡೋಣ ಎಂದು ಬರುತ್ತಿದ್ದರು. ನನ್ನ ಕೆಲಸದಲ್ಲಿ ನೋಡಲು ಏನೂ ಇಲ್ಲ, ಹೊರಗಿನವರಿಗೆ ಕೇಳಲೂ ಏನೂ ಇಲ್ಲ. ಮೋಟೆಬೆನ್ನೂರಿನಿಂದ ಬಂದವರೊಬ್ಬರು ಅರ್ಧ ತಾಸು ಸುಮ್ಮನೆ ಕೂತು, ನನ್ನ ತಲೆ ಅಲ್ಲಾಡುವುದನ್ನು ನೋಡಿ, ಚಹಾ ಕೂಡ ಕುಡಿಯದೆ ಎದ್ದು ಹೋದರು. ಅವ್ವ ಎರಡು ದಿನ ಆ ಚಹಾದ ಲೆಕ್ಕ ಹೇಳಿ ನನ್ನನ್ನು ಬೈದಳು.

ಓಣಿ ಕೇಳಿದ ಹಾಡು

ಹೆಡ್‌ಫೋನ್ ಹಾಕಿಕೊಂಡವನಿಗೆ ತನ್ನ ದನಿ ತನಗೆ ಕೇಳುವುದಿಲ್ಲ. ನಾನು ಕೆಲಸ ಮಾಡುತ್ತಾ ಹಾಡಿನ ಜೊತೆ ಗುನುಗುತ್ತಿದ್ದೆನಂತೆ. ಗುನುಗುವುದು ಅಂದುಕೊಂಡದ್ದು ನಾನು. ಖರೇ ಅಂದರೆ ಒದರುತ್ತಿದ್ದೆ. ಹಾಡು ನನ್ನ ಕಿವಿಯೊಳಗೇ ಉಳಿದು, ಓಣಿಗೆ ಬರೀ ನನ್ನ ಒದರಾಟ ಹೋಗುತ್ತಿತ್ತು. ಆರು ತಿಂಗಳು ಇದು ನಡೆದಿದೆ, ನನಗೆ ಗೊತ್ತೇ ಇಲ್ಲ.

ಒಂದು ಮಧ್ಯಾಹ್ನ ಮಾಸ್ತರ ಹೆಂಡತಿ ಮೇಲೆ ಬಂದು ಬಾಗಿಲಲ್ಲಿ ನಿಂತರು. ಮುಖದಲ್ಲಿ ಅಷ್ಟು ಕರುಣೆ ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

“ತಮ್ಮಾ, ನೀ ಮಾಡೂ ಹಾಡು ಮಂದಿ ತಗೊಂಡು ಹೋಗತಾರೇನು?”

“ಹೂಂರಿ. ಹಾವೇರಿಯಿಂದನೂ ಬರತಾರ.”

“ಹೌದಾ?” ಎಂದು ಅವರು ನಂಬಲಾರದೆ ನಿಟ್ಟುಸಿರು ಬಿಟ್ಟರು. “ಪಾಪ, ಅವರ ಕಿವಿಗೇನಾಗೇತೋ.”

ಸೀನಿಲ್ಲದ ಬ್ಯಾಡಗಿ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಆಟೋದಲ್ಲಿ ಕೂಗಿಸಲು ಒಂದು ಜಾಹೀರಾತು ಮಾಡಿಕೊಡಲು ಹೇಳಿದರು. ಅಂಗಡಿಯಲ್ಲೇ ಕೂತು ಮೊಬೈಲಿನಲ್ಲಿ ತಮ್ಮ ದನಿ ರೆಕಾರ್ಡ್ ಮಾಡಿ ಕಳಿಸಿದ್ದರು. ಹೆಡ್‌ಫೋನ್ ಹಾಕಿ ಕೇಳಿದೆ. “ಗ್ರಾಹಕ ಬಾಂಧವರೇ” ಎನ್ನುವುದರೊಳಗೆ ಮೂರು ಸೀನು. ಹಿಂದೆ ಹಮಾಲರ ಕೆಮ್ಮು, ಮುಂದೆ ಯಾರೋ ಮೂಗು ಒರೆಸಿದ ಸಪ್ಪಳ. ಹೆಡ್‌ಫೋನಿನ ಗುಣವೇ ಅದು, ಒಳ್ಳೆಯದಕ್ಕಿಂತ ಹೊಲಸು ಚೆನ್ನಾಗಿ ಕೇಳಿಸುತ್ತದೆ. ಮೂರು ದಿನ ಕೂತು ಒಂದೊಂದೇ ಸೀನು ಹೆಕ್ಕಿ ತೆಗೆದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಅವ್ವನಿಗೂ ಅಷ್ಟು ತಾಳ್ಮೆ ಇಲ್ಲ. ಕೊನೆಗೆ ದನಿ ಹಾಲಿನ ಹಾಗೆ ಬಂತು.

ವ್ಯಾಪಾರಿ ಕೇಳಿದರು. ಇನ್ನೊಮ್ಮೆ ಕೇಳಿದರು. ಆಮೇಲೆ ನನ್ನನ್ನು ನೋಡಿದರು.

“ಇದು ಯಾವ ಊರಾಗ ಮಾಡಿದ್ದು?”

“ನಿಮ್ಮದ ದನಿರಿ. ಸೀನು ತಗದೇನಿ ಅಷ್ಟ.”

“ತಗದ್ಯಾ?” ಎಂದು ಅವರು ಎದ್ದೇ ನಿಂತರು. “ಸೀನಿಲ್ಲದ ಬ್ಯಾಡಗಿ ಅಂದ್ರ ಯಾವ ಗಿರಾಕಿ ನಂಬತಾನಪಾ? ಹಳೇ ಸ್ಟಾಕ್ ಅಂತಾರ. ಹೊಳ್ಳಿ ಹಾಕು!”

ತೆಗೆದ ಸೀನುಗಳನ್ನು ನಾನು ಎಲ್ಲಿಯೂ ಉಳಿಸಿಟ್ಟಿರಲಿಲ್ಲ, ಅವರೂ ಮೊಬೈಲಿನಿಂದ ಅಳಿಸಿದ್ದರು. ಕಡೆಗೆ ಅವರ ಅಂಗಡಿಯಲ್ಲೇ ಮೈಕ್ ಹಿಡಿದು ಕೂತು ನಾನೇ ಸೀನಿದೆ. ಆ ಜಾಹೀರಾತು ಈಗಲೂ ಓಡುತ್ತಿದೆ. ಅದರಲ್ಲಿ ಎಲ್ಲರೂ ಮೆಚ್ಚುವ ಆ ದೊಡ್ಡ ಸೀನು ನನ್ನದು.

ಟ್ರ್ಯಾಕ್ಟರಿನವನ ತೀರ್ಪು

ಕುಪ್ಪೇಲೂರಿನ ಒಬ್ಬ ಟ್ರ್ಯಾಕ್ಟರಿನವನಿಗೆ ಒಂದು ಜಾನಪದ ಹಾಡು ಮಾಡಿಕೊಟ್ಟೆ. ನಮ್ಮ ಕಡೆ ಟ್ರ್ಯಾಕ್ಟರ್ ಎಂದರೆ ಹಿಂದೆ ಟ್ರೇಲರ್ ಇರಲಿ ಬಿಡಲಿ, ಮೇಲೆ ಹಾಡಿನ ಸ್ಪೀಕರ್ ಬಾಕ್ಸ್ ಇರಬೇಕು. ಹೆಡ್‌ಫೋನಿನಲ್ಲಿ ಡೊಳ್ಳು ಸ್ವಲ್ಪ ಕಡಿಮೆ ಅನ್ನಿಸಿತು, ಏರಿಸಿದೆ. ಇನ್ನೂ ಕಡಿಮೆ ಅನ್ನಿಸಿತು, ಇನ್ನೂ ಏರಿಸಿದೆ. ಅವನು ಹಾಡು ಹಚ್ಚಿದ ಕೂಡಲೇ ಸೀಟು ನಡುಗಿತು, ಕನ್ನಡಿ ತಿರುಗಿತು, ಕಟ್ಟಿದ್ದ ಲಿಂಬೆಹಣ್ಣು ಉದುರಿ ಬಿತ್ತು.

ಹ್ಯಾಂಗೈತಿ ಎಂದು ಹೆದರಿ ಹೆದರಿ ಕೇಳಿದೆ.

“ಬಂಗಾರದಂಗೈತಿ ಅಣ್ಣಾ! ಒಂದು ಬೋಲ್ಟ್ ಸಡ್ಲ ಇದ್ದಿದ್ದು ಮೂರು ತಿಂಗಳಿಂದ ಸಿಕ್ಕಿದ್ದಿಲ್ಲ. ನಿನ್ನ ಹಾಡಿಗೆ ತಾನ ಹೊರಗ ಬಂತು” ಅಂದ.

ಕೆಟ್ಟ ಕೆಲಸಕ್ಕೆ ಸಿಕ್ಕ ಶಾಬಾಸಿ ಅದು. ಆದರೆ ಆ ಖುಷಿಯಲ್ಲೇ ಅವನು, “ಮೇಡ್ಲೇರಿಯೊಳಗ ನಮ್ಮ ಸೋದರಮಾವ ಅದಾನ. ಗಂಡ ಹೆಂಡ್ತಿ ಇಬ್ರೂ ಗೀಗೀ ಪದಾ ಹಾಡತಾರ. ಪದಾನೂ ರೆಕಾರ್ಡ್ ಆಗ್ಬೇಕಾಗೇತಿ, ಮನ್ಯಾಗ ಮಗಳೂ ಅದಾಳ. ಎರಡೂ ಕೆಲಸ ಒಂದ ಸಲ ನೋಡಿಬಿಡೂಣು” ಅಂದ.

ಎರಡು ಕಿವಿ

ಗೀಗೀ ಪದದಲ್ಲಿ ಒಬ್ಬರು ಗಂಡೇ ಹೆಚ್ಚು ಎನ್ನುವ ಹರದೇಶಿ, ಇನ್ನೊಬ್ಬರು ಹೆಣ್ಣೇ ಹೆಚ್ಚು ಎನ್ನುವ ನಾಗೇಶಿ. ಒಬ್ಬರದು ಸವಾಲು, ಒಬ್ಬರದು ಜವಾಬು. ಮೇಡ್ಲೇರಿಯ ಯಜಮಾನರು ಹರದೇಶಿ, ಅವರ ಹೆಂಡತಿ ನಾಗೇಶಿ. ಮೂವತ್ತು ವರ್ಷದಿಂದ ಹಾಡುತ್ತಿದ್ದಾರೆ. ಆದರೆ ಯಜಮಾನರದು ಒಂದು ಚಟ: ಹೆಂಡತಿಯ ನುಡಿ ಮುಗಿಯುವ ಮೊದಲೇ ಮೇಲೆ ಬಿದ್ದು ಜವಾಬು ಶುರು ಮಾಡುವುದು. ಅದಕ್ಕೇ ನಾನು ಇಬ್ಬರನ್ನೂ ಬೇರೆ ಬೇರೆ ಹಾಡಿಸಿ ರೆಕಾರ್ಡ್ ಮಾಡಿಕೊಂಡು ಬಂದೆ.

ರಾಣೆಬೆನ್ನೂರಿಗೆ ಬಂದು ಹೆಡ್‌ಫೋನಿನಲ್ಲಿ ಕೂಡಿಸಿದೆ. ಯಜಮಾನರು ಪೂರ್ತಿ ಎಡಕ್ಕೆ, ಅವರ ಹೆಂಡತಿ ಪೂರ್ತಿ ಬಲಕ್ಕೆ, ಡಪ್ಪು ನಡುವೆ. ಕಣ್ಣು ಮುಚ್ಚಿದರೆ ಇಬ್ಬರ ನಡುವೆ ಕೂತ ಹಾಗೆ ಆಗುತ್ತಿತ್ತು. ಕೇಳಲು ಮೂವರೂ ಬಂದರು, ಮಗಳೂ ಬಂದಿದ್ದಳು. ಯಜಮಾನರು ರುಮಾಲಿನ ಮೇಲೇ ಹೆಡ್‌ಫೋನ್ ಏರಿಸಿಕೊಂಡರು. ಹೆಂಡತಿಯ ದನಿ ಬಂದ ಕೂಡಲೇ ಬಲಕ್ಕೆ ತಿರುಗಿ, “ತಡಿ, ನಾ ಇನ್ನಾ ಮುಗಿಸಿಲ್ಲ!” ಎಂದು ಕೋಣೆ ಹಾರಿಹೋಗುವಂತೆ ಒದರಿದರು. ಬಲಕ್ಕೆ ಗೋಡೆ ಇತ್ತು. ಕೆಳಗಿನಿಂದ ಮಾಸ್ತರು ಓಡಿ ಬಂದರು.

ಕಡೆಗೆ ಹೆಡ್‌ಫೋನ್ ತೆಗೆದು, “ಇದು ನನ್ನ ದನಿ ಅಲ್ಲ” ಅಂದರು. ಈ ಮಾತಿನ ಮೇಲೆ ಅವರು ಹಿಂದೆ ಇಬ್ಬರು ರೆಕಾರ್ಡಿಂಗಿನವರನ್ನು ಹೊಳ್ಳಿ ಕಳಿಸಿದ್ದರಂತೆ. ರುಮಾಲು ಸರಿಮಾಡಿಕೊಂಡು ಅಂದರು: “ಆಯ್ತವಾರ ಮುಂಜಾನೆ ನಮ್ಮ ಅಂಗಳದಾಗ ಬೀಗರ ಮುಂದ ಹಚ್ಚಿ ಕೇಳೂಣು. ನನಗ ಸೇರಿದ್ರ ಮಾತು ಮುಂದ. ಸೇರಲಿಲ್ಲಂದ್ರ ಪದಾನೂ ಇಲ್ಲ, ಹೆಣ್ಣೂ ಇಲ್ಲ.”

ಅವರ ಹೆಂಡತಿ ಮಾತ್ರ ಹೆಡ್‌ಫೋನ್ ಹಾಕಿಕೊಂಡು ಬೆರಗಾಗಿ ಕೂತಿದ್ದರು. “ಅಯ್ಯ, ಇವರು ಈ ಕಿವ್ಯಾಗ, ನಾ ಈ ಕಿವ್ಯಾಗ! ಬಾಕ್ಸಿನ್ಯಾಗೂ ಹಿಂಗ ಬರತೈತೇನು ತಮ್ಮಾ?”

“ಹೌದ್ರಿ ಅಮ್ಮಾರ. ಎಡಗಡಿ ಬಾಕ್ಸಿಗೆ ಯಜಮಾನ್ರು, ಬಲಗಡಿ ಬಾಕ್ಸಿಗೆ ನೀವು” ಎಂದು ಹೆಮ್ಮೆಯಿಂದ ಹೇಳಿದೆ.

ಆಯ್ತವಾರ ಕುಪ್ಪೇಲೂರಿನ ಟ್ರ್ಯಾಕ್ಟರಿನಿಂದ ಎರಡು ಬಾಕ್ಸ್ ಇಳಿಸಿ ಅಂಗಳದ ಎರಡು ತುದಿಗೆ ಇಟ್ಟೆವು. ಹಚ್ಚಿ ನೋಡಿದೆ, ಎರಡೂ ಸರಿ ಇದ್ದವು. ಬೀಗರು ಕೂತರು, ಚಹಾ ಬಂತು. ಚಹಾ ಕುಡಿದು ಪದ ಹಚ್ಚಿದೆ.

ಡಪ್ಪು ಬಂತು. ಯಜಮಾನರ ಮೊದಲ ನುಡಿ ಬರಬೇಕು, ಬರಲಿಲ್ಲ. ಬರೀ ಡಪ್ಪು. ಆಮೇಲೆ ಅಮ್ಮನವರ ದನಿ ಗುಡುಗಿತು:

“ಬಿತ್ತಿ ಬಂದೆ ನೀನು ಗಂಡೆ, ಕಳೆಯ ಕಿತ್ತವರಾರೊ? ಹೇಳೊ ಜಾಣ ಹೇಳೊ!”

ಮತ್ತೆ ಡಪ್ಪು. ಜವಾಬಿಲ್ಲ. ಅಂಗಳವೆಲ್ಲ ಕಾಯಿತು. ಯಾರೋ ಮುದುಕ, “ಹೇಳಪಾ ಮಾರಾಯ, ಕೇಳಾಕತ್ತಾಳಲ್ಲ!” ಅಂದ. ಅಂಗಳ ಗೊಳ್ಳೆಂದಿತು. ಎರಡನೇ ಸವಾಲಿಗೂ ಡಪ್ಪು, ಮೂರನೆಯದಕ್ಕೂ ಡಪ್ಪು. ಯಜಮಾನರು ತಾವೇ ಎದ್ದು ನಿಂತು ಜವಾಬು ಹಾಡಲು ಬಾಯಿ ತೆಗೆದರು. ತಾಳ ಸಿಗುವುದರೊಳಗೆ ಹೆಂಡತಿಯ ಮುಂದಿನ ನುಡಿ ಬಂದುಬಿಟ್ಟಿತು, ಬಾಯಿ ತೆರೆದೇ ಉಳಿಯಿತು.

ನನಗೆ ತಲೆ ಬುಡ ತಿಳಿಯಲಿಲ್ಲ. ಇನ್ನೊಂದು ಮೊಬೈಲಿಗೆ ಹೆಡ್‌ಫೋನ್ ಚುಚ್ಚಿ ಅದೇ ಪದ ಕೇಳಿದೆ. ಎಡಗಿವಿಯಲ್ಲಿ ಯಜಮಾನರು ಹುಲಿಯ ಹಾಗೆ ಹಾಡುತ್ತಿದ್ದಾರೆ! “ಐತ್ರಿ, ಜವಾಬು ಐತ್ರಿ! ನನ್ನ ಕಿವ್ಯಾಗ ಐತ್ರಿ!” ಎಂದು ಒದರಿದೆ.

“ನಿನ್ನ ಕಿವ್ಯಾಗಿದ್ರ ಊರಿಗೇನ್ ಬಂತು?” ಅಂದ ಆ ಮುದುಕ.

ಪದ ಮುಗಿಯಿತು. ಮುಗಿಯಿತು ನನ್ನ ಕಥೆಯೂ ಎಂದು ಅಳುಮುಖ ಮಾಡಿಕೊಂಡು ತಂತಿ ಸುತ್ತತೊಡಗಿದೆ. ಅಷ್ಟರಲ್ಲಿ ಅಮ್ಮನವರು ಒಳಗಿನಿಂದ ಸಕ್ಕರೆ ತಂದು ನನ್ನ ಕೈಗೆ ಹಾಕಿದರು. ಅವರ ಕಣ್ಣಲ್ಲಿ ನೀರಿತ್ತು.

“ಮೂವತ್ತು ವರ್ಷ ಹಾಡೇನಿ ತಮ್ಮಾ. ನನ್ನ ಪದಾ ಮೊದಲಿಂದ ಕಡೀತನಕ ಮಂದಿ ಕೇಳಿದ್ದು ಇವತ್ತ. ನನ್ನ ಮಗಳ್ನ ಇವಂಗ ಕೊಡೂದು.”

ಎಲ್ಲರೂ ಯಜಮಾನರ ಕಡೆ ನೋಡಿದರು. ಅವರು ರುಮಾಲು ತೆಗೆದು ಬೆವರು ಒರೆಸಿಕೊಂಡರು. “ನನ್ನ ದನೀನ ಬರಲಿಲ್ಲ. ತಪ್ಪು ಅಂತ ಯಾವುದಕ್ಕ ಅನ್ನಲಿ? ಆತು, ಕೊಡ್ರಿ.”

ಮದುವೆಯಾಗಿ ವರ್ಷವಾದರೂ ನನಗೆ ಆ ಹುಳ ತಲೆಯಿಂದ ಹೋಗಿರಲಿಲ್ಲ. ತಪ್ಪು ನನ್ನದೋ, ಹೆಡ್‌ಫೋನಿನದೋ? ಒಂದು ದಿನ ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿಯೇಬಿಟ್ಟೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು, ನಕ್ಕಳು, ರೊಟ್ಟಿ ಹೊತ್ತುವವರೆಗೆ ನಕ್ಕಳು.

“ಅವ್ವ ಚಹಾ ಕೊಡಾಕ ಬಂದಾಗ ಎಡಗಡಿ ಬಾಕ್ಸಿನ ತಂತಿ ಕಿತ್ತಳ್ರಿ, ಪದಾ ಮುಗಿದ ಕೂಡ್ಲೇ ಹೊಳ್ಳಿ ಚುಚ್ಚಿದ್ಳು. ಅಪ್ಪ ತನ್ನ ದನಿ ಕೇಳಿದ್ರ ನಿಮ್ಮನ್ನ ಓಡಿಸೇ ಬಿಡತಿದ್ದ.”

“ಎಡ ಯಾವುದು, ಬಲ ಯಾವುದು ಅಂತ ಅವರಿಗೆ ಆ ಗಡಿಬಿಡಿಯೊಳಗ ಹ್ಯಾಂಗ ತಿಳೀತು?” ಎಂದು ಕೇಳಿದೆ.

ಅವಳು ತಲೆ ಬಗ್ಗಿಸಿ ರೊಟ್ಟಿ ಮಗುಚಿದಳು.

“ತೋರಿಸಿದಾಕಿ ನಾನ ಅಲ್ಲೇನ್ರೀ.”