ಕೂಡ್ಲಿಗಿಯ ತನಕ ಕೇಳುವ ಮಾಮ

ನಮ್ಮ ಸೋದರಮಾವ ಯಾಕಾದರೂ ಮೊಬೈಲ್ ಫೋನ್ ಇಟ್ಟುಕೊಂಡಿದ್ದಾನೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೊಟ್ಟೂರಿನಲ್ಲಿ ನಿಂತು ಅವನು “ಹಲೋ” ಅಂದರೆ ಕೂಡ್ಲಿಗಿಯಲ್ಲಿರುವವರು ಫೋನಿಲ್ಲದೆಯೇ “ಹೇಳ್ರಿ” ಅನ್ನಬಹುದು! ಉತ್ಪ್ರೇಕ್ಷೆ ಅನ್ನುತ್ತೀರಾ? ಹಾಗಾದರೆ ನೀವು ಅವನನ್ನು ನೋಡಿಲ್ಲ. ಅಲ್ಲ, ಕೇಳಿಲ್ಲ.

ಅವನು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ. ಯಾವ ಬಸ್ಸು ಬಂತು, ಯಾವುದು ಹೊರಡುತ್ತದೆ ಎಂದು ಕೂಗಿ ಹೇಳುವ ಕೆಲಸ. ಅದಕ್ಕೆಂದೇ ಒಂದು ಮೈಕು ಕೊಟ್ಟಿದ್ದರು. ಮಾಮ ಅದನ್ನು ಬಟ್ಟೆಯಲ್ಲಿ ಸುತ್ತಿ ಟೇಬಲ್ಲಿನ ಡ್ರಾದಲ್ಲಿಟ್ಟವನು, ನಿವೃತ್ತಿಯ ದಿನ ಹೊಸದರಂತೆಯೇ ವಾಪಸ್ ಕೊಟ್ಟ. “ಮೈಕಿನಾಗ ಮಾತಾಡಿದ್ರ ನನ್ನ ದನಿ ಸಣ್ಣಗಾಗ್ತತಿ” ಎಂಬುದು ಅವನ ದೂರು.

ಮದುವೆಯಾಗಲಿಲ್ಲ. ಅದಕ್ಕೂ ಧ್ವನಿಯೇ ಕಾರಣ ಎಂದು ನಮ್ಮಮ್ಮ ಹೇಳುತ್ತಿದ್ದಳು. ಹಡಗಲಿಗೆ ಹೆಣ್ಣು ನೋಡಲು ಹೋದಾಗ ಮಾಮ ಮೆತ್ತಗೆ, ಅಂದರೆ ತನ್ನ ಲೆಕ್ಕದಲ್ಲಿ ಮೆತ್ತಗೆ, “ನಿನ್ನ ಹೆಸರೇನವಾ?” ಎಂದು ಕೇಳಿದ. ಎದುರಿಗೆ ಕೂತ ಹುಡುಗಿ ಬೆಚ್ಚಿ ಸುಮ್ಮನಾದಳು. ಆದರೆ ಪಕ್ಕದ ಮನೆಯೊಳಗಿನಿಂದ “ಶಾಂತಾ ರೀ!” ಎಂದು ಉತ್ತರ ಬಂತಂತೆ. ಶಾಂತಾ ಎರಡು ಮಕ್ಕಳ ತಾಯಿ. ಸಂಬಂಧ ಮುಂದುವರಿಯಲಿಲ್ಲ.

ನಿವೃತ್ತಿಯಾದ ಮೇಲೆ ಮಾಮ ಬಸ್‌ಸ್ಟ್ಯಾಂಡ್ ಬಿಟ್ಟ; ಬಸ್‌ಸ್ಟ್ಯಾಂಡು ಮಾಮನನ್ನು ಬಿಡಲಿಲ್ಲ. ನನ್ನ ಮದುವೆಯಲ್ಲಿ ಊಟದ ಹಾಲ್‌ನ ಬಾಗಿಲಲ್ಲಿ ನಿಂತು, “ಹರಪನಹಳ್ಳಿ ಕಡೆಯಿಂದ ಬಂದಂಥ ಬೀಗರ ಗಮನಕ್ಕೆ! ಎರಡನೇ ಪಂಕ್ತಿ ಈಗ ಹೊರಡಲಿದೆ, ಕೂಡಲೇ ಎಲೆಯ ಮುಂದೆ ಬಂದು ಕೂಡತಕ್ಕದ್ದು!” ಎಂದು ಘೋಷಿಸಿದ. ಬೀಗರು ಗಾಬರಿಯಿಂದ ಓಡಿ ಬಂದರು. ಇಬ್ಬರಂತೂ ಕೈಯಲ್ಲಿ ಬ್ಯಾಗು ಹಿಡಿದೇ ಬಂದರು! ಅವತ್ತಿನಿಂದ ನಮ್ಮ ಅತ್ತೆಗೆ, ಅಂದರೆ ನನ್ನ ಗಂಡನ ತಾಯಿಗೆ, ಮಾಮನನ್ನು ಕಂಡರೆ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು.

ನಮಗೆ ಮಗಳು ಹುಟ್ಟಿದ ಮೇಲೆ ಮಾಮ ದಿನಾ ಬೆಳಿಗ್ಗೆ ಹತ್ತಕ್ಕೆ ಮನೆಗೆ ಬರತೊಡಗಿದ. ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಕೊಟ್ಟೂರಿನಿಂದ ಹೊರಡುವ ಎಲ್ಲ ಬಸ್ಸುಗಳ ವೇಳೆಯನ್ನು ಒದರುವುದು. ಇದೇ ಆಟ. “ಆರು ಗಂಟೆಗೆ ಹಡಗಲಿ! ಆರೂವರೆಗೆ ಹಗರಿಬೊಮ್ಮನಹಳ್ಳಿ! ಏಳಕ್ಕೆ ಹರಪನಹಳ್ಳಿ, ದಾವಣಗೆರೆ!” ಬೇರೆ ಯಾವ ಮಗುವಾದರೂ ಕಿರುಚಿ ಓಡುತ್ತಿತ್ತು. ಪುಟ್ಟಿ ಮಾತ್ರ ಅವನ ಎದೆಗೆ ಕೆನ್ನೆ ಒತ್ತಿ, ತುಟಿಗಳನ್ನೇ ನೋಡುತ್ತ, ಇನ್ನೂ ಬೇಕು ಎನ್ನುವಂತೆ ಅಂಗಿ ಜಗ್ಗುತ್ತಿದ್ದಳು. “ಎಂಥಾ ಧೈರ್ಯದ ಕೂಸು!” ಎಂದು ನಾವೆಲ್ಲ ಹೆಮ್ಮೆಪಟ್ಟೆವು. ನಮ್ಮ ಬುದ್ಧಿಗೆ ಏನೆನ್ನಬೇಕು?

ಎರಡು ವರ್ಷ ತುಂಬಿತು. ಪುಟ್ಟಿ ಮಾತಾಡಲಿಲ್ಲ. ಅಮ್ಮ ಅನ್ನಲಿಲ್ಲ, ಹಾಲು ಅನ್ನಲಿಲ್ಲ. ಬೇಕಾದದ್ದನ್ನು ಕೈ ಹಿಡಿದು ಎಳೆದು ತೋರಿಸುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಊರಿನ ಮಕ್ಕಳಿಗೆಲ್ಲ ಸಂಧಿ ಸಮಾಸ ಕಲಿಸುವವಳ ಮನೆಯಲ್ಲಿ ಒಂದು ಪದ ಹುಟ್ಟಲೊಲ್ಲದು! ಅತ್ತೆಗೆ ಚಿಂತೆಯಿರಲಿಲ್ಲ. “ನನ್ನ ಮಗನೂ ಮೂರು ತುಂಬಿದ ಮ್ಯಾಲೆ ಮಾತಾಡಿದ. ಆಮ್ಯಾಲೆ ಬಾಯಿ ಮುಚ್ಚೇ ಇಲ್ಲ, ನೀನೇ ನೋಡಾಕತ್ತಿಯಲ್ಲ” ಅಂದರು. ಬಜೆ ಬೇರು ತೇದು ನಾಲಗೆಗೆ ಹಚ್ಚಿದೆವು. ಮೈಲಾರಲಿಂಗನಿಗೆ ಹರಕೆ ಹೊತ್ತೆವು. ನಾನು ಫೋನಿನಲ್ಲಿ ಹುಡುಕಿದೆ. ಅರ್ಧ ಮಂದಿ ಕಾಯಿರಿ ಅಂದಿದ್ದರು, ಅರ್ಧ ಮಂದಿ ಓಡಿರಿ ಅಂದಿದ್ದರು. ನಾನು ಕಾಯಿರಿ ಅಂದವರನ್ನು ನಂಬಿದೆ. ಅದು ಸುಲಭವಿತ್ತು.

ಒಂದು ದಿನ ನಾನು ಶಾಲೆಯಿಂದ ಬಂದಾಗ ಮಾಮ ಒಂದು ಹಾಳೆ ಹಿಡಿದು ಜಗುಲಿಯ ಮೇಲೆ ಕಾಯುತ್ತಿದ್ದ. ಮೂರು ದಿನ ಪುಟ್ಟಿಯ ಬೆನ್ನ ಹಿಂದೆ ಕೂತು ಏನೇನೋ ಸದ್ದು ಮಾಡಿ, ಬಸ್ಸು ಬಂದ ಹೋದ ವೇಳೆ ಬರೆಯುವ ಹಾಗೆಯೇ ಗೆರೆ ಹೊಡೆದು ಬರೆದಿದ್ದ: “ಚಪ್ಪಾಳೆ – ತಿರುಗಲಿಲ್ಲ. ಅವರಜ್ಜಿ ಕರೆದದ್ದು – ತಿರುಗಲಿಲ್ಲ. ಚಮಚ ಬಿದ್ದದ್ದು – ತಿರುಗಲಿಲ್ಲ. ಕೂಕರ ಸೀಟಿ – ತಿರುಗಿದಳು. ನಾನು – ತಿರುಗಿದಳು.”

“ಲೇ ಅವ್ವಾ, ನಾಲಿಗಿ ಸುದ್ದಿ ಬಿಡು. ಈ ಕೂಸಿನ ಕಿವಿಗೆ ಏನೋ ಆಗೈತಿ. ದೊಡ್ಡ ಆಸ್ಪತ್ರಿಗೆ ತೋರ್ಸು” ಅಂದ.

“ಮಾಮ, ನಿನ್ನ ಪಕ್ಕ ಇಷ್ಟು ದಿನ ಕೂತ್ರ ಯಾರ ಕಿವಿ ಉಳಿತಾವ ಹೇಳು?” ಅಂದೆ ನಾನು. ಮನೆಯವರೆಲ್ಲ ನಕ್ಕರು. ಅಷ್ಟಕ್ಕೇ ಬಿಟ್ಟೆನೇ? ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು, ‘ಕೂಕರ’ ಎಂಬುದನ್ನು ‘ಕುಕ್ಕರ್’ ಎಂದು ತಿದ್ದಿ, ಹಾಳೆಯನ್ನು ಅವನ ಕೈಗೆ ವಾಪಸ್ ಕೊಟ್ಟೆ. ಹತ್ತಕ್ಕೆ ಎಂಟು ಅಂಕ ಕೂಡ ಕೊಟ್ಟೆ. ಮಾಮನೂ ನಕ್ಕ. ಆದರೆ ಮರುದಿನ ಬಂದು ಅದೇ ಮಾತು ಹೇಳಿದ. ಅದರ ಮರುದಿನವೂ ಹೇಳಿದ. ಅವನು ಹೇಳುವುದೆಂದರೆ ಗೊತ್ತಲ್ಲ, ಓಣಿಗೆಲ್ಲ ಹೇಳಿದಂತೆ! ಎದುರು ಮನೆಯ ಹೆಂಗಸು ನೀರಿಗೆ ಬಂದಾಗ, “ನಿಮ್ಮ ಕೂಸಿಗೆ ಕಿವಿ ಕೇಳಂಗಿಲ್ಲಂತಲ್ರೀ?” ಎಂದು ಕೇಳಿದಳು.

ನನಗೆ ಸಿಟ್ಟು ಬಂತು. ಅತ್ತೆಗೆ ಅದಾಗಲೇ ಒಂದು ಅನುಮಾನವಿತ್ತು. “ಆ ಮನುಷ್ಯಾನ ಬಾಯಿಗೆ ಹೆದರೇ ಕೂಸಿನ ಮಾತು ಒಳಗ ಹೋಗೈತಿ.” ಅದು ನನಗೂ ಸರಿಯೆನಿಸಿತು, ಅಥವಾ ಸರಿಯೆನಿಸಲಿ ಎಂದು ನಾನು ಬಯಸಿದೆ. ಮಗಳಲ್ಲಿ ಏನೋ ಕೊರತೆಯಿದೆ ಎಂದು ಒಪ್ಪುವುದಕ್ಕಿಂತ ಮಾಮನ ಬಾಯಿ ದೊಡ್ಡದು ಎಂದು ಒಪ್ಪುವುದು ಎಷ್ಟು ಹಗುರ!

ಮರುದಿನ ಭಾನುವಾರ. ಹತ್ತಕ್ಕೆ ಅವನು ಬಂದಾಗ ನಾನು ಗೇಟಿನಲ್ಲೇ ನಿಲ್ಲಿಸಿದೆ.

“ಮಾಮ, ಬ್ಯಾಸರ ಮಾಡ್ಕೋಬ್ಯಾಡ. ನಿನ್ನ ಸದ್ದಿಗೆ ಕೂಸು ಹೆದರ್ತೈತಂತ ಅಂತಾರ ಎಲ್ಲಾರೂ. ಒಂದೀಟು ದಿನ ಬರಬ್ಯಾಡ.”

ಅವನು ನನ್ನ ಭುಜದ ಮೇಲಿಂದ ಒಳಗೆ ನೋಡಿದ. ಪುಟ್ಟಿ ನಡುಮನೆಯಲ್ಲಿ ಡಬ್ಬಿಗಳನ್ನು ಜೋಡಿಸುತ್ತಿದ್ದಳು. “ಹೆದರ್ತಾಳನು?” ಎಂದು ಕೇಳಿದ. ನಾನು ಹೌದೆಂದೆ. ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ನನಗೆ ಕೊಟ್ಟು ಹೋದ. ಹೋಗುವುದನ್ನು ಘೋಷಿಸಲಿಲ್ಲ.

ಎಂಟು ತಿಂಗಳು. ಮನೆ ಶಾಂತವಾಯಿತು. ಅತ್ತೆಯ ಬಿ.ಪಿ. ಇಳಿಯಿತು. ಪುಟ್ಟಿಯ ಮಾತು ಮಾತ್ರ ಬರಲಿಲ್ಲ. ಮೊದಲು ಅ, ಆ ಎಂದು ಏನೋ ಎಳೆಯುತ್ತಿದ್ದವಳು ಅದನ್ನೂ ಕಡಿಮೆ ಮಾಡಿದಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನ ಸರಳು ಹಿಡಿದು ನಿಲ್ಲುವ ಒಂದು ಅಭ್ಯಾಸ ಬೆಳೆಸಿಕೊಂಡಿದ್ದಾಳೆ ಎಂದು ಅತ್ತೆ ಹೇಳುತ್ತಿದ್ದರು. ಯಾಕೆ ನಿಲ್ಲುತ್ತಾಳೆ ಎಂದು ನಾನು ನನ್ನನ್ನೇ ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಕೊನೆಗೆ ಎಚ್ಚರಿಸಿದವಳು ಅಂಗನವಾಡಿಯ ಟೀಚರು. ಮಕ್ಕಳ ತೂಕ ನೋಡುವಾಗ ಪುಟ್ಟಿಯನ್ನು ಹಿಂದಿನಿಂದ ಎರಡು ಮೂರು ಸಲ ಕರೆದಳಂತೆ. ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಾ, ಇನ್ನ ತಡಾ ಮಾಡಬ್ಯಾಡ್ರಿ, ಕಿವಿ ಪರೀಕ್ಷೆ ಮಾಡಸ್ರಿ” ಅಂದಳು. ಮಾಮ ಕೂಗಿ ಹೇಳಿದ್ದನ್ನೇ ಅವಳು ಪಿಸುಗುಟ್ಟಿದಳು. ಪಿಸುಗುಟ್ಟಿದ್ದಕ್ಕೆ ನನಗೆ ಕೇಳಿಸಿತು!

ದಾವಣಗೆರೆಯ ಒಂದು ಆಸ್ಪತ್ರೆಗೆ ಹೋದೆವು. ಪುಟ್ಟಿಗೆ ನಿದ್ದೆಯ ಔಷಧ ಕುಡಿಸಿ, ತಲೆಗೆ ಕಿವಿಗೆ ವೈರು ಅಂಟಿಸಿ, ಕಂಪ್ಯೂಟರಿನ ಮುಂದೆ ಒಂದು ಗಂಟೆ ಪರೀಕ್ಷೆ ಮಾಡಿದರು. ಕಿವಿಯ ಪರೀಕ್ಷೆ ಮಾಡುವ ಹೆಣ್ಣುಮಗಳು ನನಗಿಂತ ಚಿಕ್ಕವಳು. ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದಳು. ಈ ಗೆರೆಗಿಂತ ಸಣ್ಣ ಸದ್ದು ಎರಡೂ ಕಿವಿಗೆ ಕೇಳುವುದಿಲ್ಲ, ತುಂಬಾ ಜೋರಾದದ್ದು ಮಾತ್ರ ಕೇಳುತ್ತದೆ ಎಂದಳು. ಕೆಂಪು ಪೆನ್ನಿನಲ್ಲಿ ನಾನು ತಿದ್ದಿದ ಹಾಳೆಯಲ್ಲಿಯೂ ಇದ್ದದ್ದು ಇದೇ.

“ಮುಂಚೆನೇ ಬಂದಿದ್ರೆ ಚೆನ್ನಾಗಿತ್ತು. ಇರಲಿ, ಈಗಲಾದ್ರೂ ಬಂದ್ರಲ್ಲ. ಕಿವಿಗೆ ಮಷೀನ್ ಹಾಕೋಣ, ಮಾತು ಕಲಿಸೋಣ” ಎಂದು ಸಮಾಧಾನ ಹೇಳಿದಳು. ಆಮೇಲೆ ಏನೋ ನೆನಪಾದವಳಂತೆ, “ನಿಮ್ಮ ಮನೇಲಿ ತುಂಬಾ ಜೋರಾಗಿ ಮಾತಾಡೋರು ಯಾರಾದ್ರೂ ಇದಾರಾ ಮೇಡಂ? ಮಗು ಮಾತಾಡೋರ ತುಟಿನೇ ನೋಡುತ್ತೆ. ಧ್ವನಿ ಅಂದ್ರೆ ಏನು ಅಂತ ಅದಕ್ಕೆ ಗೊತ್ತು. ಇಷ್ಟು ದಿನ ಅದು ಕೇಳಿರೋದು ಅಂಥವರೊಬ್ಬರ ಮಾತು ಮಾತ್ರ ಇರಬೇಕು” ಅಂದಳು.

ನನ್ನ ಗಂಡ ನನ್ನ ಮುಖ ನೋಡಿದರು. ನಾನು ಟೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಕಿವಿಯನ್ನು ನೋಡುತ್ತ ಕೂತೆ. ಜೋಗುಳ ಹಾಡಿದ್ದೆ. ಕಥೆ ಹೇಳಿದ್ದೆ. ಯಾವುದೂ ತಲುಪಿರಲಿಲ್ಲ. ತಲುಪುತ್ತಿದ್ದ ಒಂದೇ ಧ್ವನಿಯನ್ನು ಗೇಟಿನಲ್ಲಿ ನಿಲ್ಲಿಸಿ ವಾಪಸ್ ಕಳಿಸಿದ್ದೆ.

ಮರುದಿನ ಮಾಮನ ಬಾಡಿಗೆ ಕೋಣೆಗೆ ಹೋದೆ. ತಪ್ಪಾಯಿತು ಎಂದು ಹೇಳಬೇಕೆಂದೇ ಹೋಗಿದ್ದೆ. ಆದರೆ ಬಾಯಿಂದ ಬಂದದ್ದು ಬೇರೆ. “ಪುಟ್ಟಿ ಕಿವಿಗೆ ಮಷೀನ್ ಹಾಕ್ತಾರ ಮಾಮ. ಮಾತು ಕಲ್ಸಾಕ ವಾರಾವಾರ ದಾವಣಗೆರೆಗೆ ಹೋಗಬೇಕು. ಜೋಡಿಗೆ ನೀನೂ ಬರ್ತಿಯೇನು?”

‘ನಾನು ಹೇಳಿರಲಿಲ್ಲವೇ’ ಎಂದು ಅವನು ಅನ್ನಲಿಲ್ಲ. ಯಾಕೆ ಬರಬೇಡ ಅಂದಿದ್ದೆ ಎಂದೂ ಕೇಳಲಿಲ್ಲ. “ಆರೂ ಇಪ್ಪತ್ತರದು ಬ್ಯಾಡ, ಎಲ್ಲಾ ಕಡೀಗೂ ನಿಲ್ತತಿ. ಏಳರದು ಹಿಡಿಯೋಣು” ಅಂದ.

ಮಷೀನು ಹಾಕಿದ ದಿನ ಮಾಮನೂ ಇದ್ದ. ಆ ಹೆಣ್ಣುಮಗಳು ನನಗೆ ಮೆಲ್ಲಗೆ ಕರೆಯಲು ಹೇಳಿದಳು. “ಪುಟ್ಟೀ” ಅಂದೆ. ಮಗಳು ತಿರುಗಿ, ಯಾರೋ ಹೊಸಬರನ್ನು ಕಂಡ ಹಾಗೆ ನನ್ನನ್ನು ನೋಡಿದಳು. ಆಗ ಮಾಮ ಖುಷಿ ತಡೆಯಲಾರದೆ “ತಿರುಗಿದ್ಲು!” ಎಂದು ಕೂಗಿದ. ಪುಟ್ಟಿ ಎರಡೂ ಕಿವಿ ಮುಚ್ಚಿಕೊಂಡು ಅಳತೊಡಗಿದಳು.

“ಅಜ್ಜಾರೇ, ಮಷೀನ್ ಹಾಕಿದ ಮೇಲೆ ಮಾಮೂಲಿ ಧ್ವನಿ ಸಾಕು” ಅಂದಳು ಆಕೆ.

“ಇದ ನನ್ನ ಮಾಮೂಲಿ ದನಿ ರೀ!” ಅಂದ ಮಾಮ. ಪಕ್ಕದ ಕೋಣೆಯಲ್ಲಿ ಇನ್ನೊಂದು ಮಗು ಅಳಲು ಶುರುಮಾಡಿತು.

ಅವತ್ತಿನಿಂದ ಆ ಮನುಷ್ಯ, ಅರವತ್ತೈದು ದಾಟಿದ ಮೇಲೆ, ಮೆಲ್ಲಗೆ ಮಾತಾಡುವುದನ್ನು ಕಲಿಯಲು ಹೊರಟ. ಪುಟ್ಟಿಗೆ ಪಾಠ ನಡೆಯುವಾಗ ಇವನೂ ಮೂಲೆಯಲ್ಲಿ ಕೂತು ಬಾಯಿ ಸಣ್ಣಗೆ ಮಾಡಿ ಅಭ್ಯಾಸ ಮಾಡುತ್ತಿದ್ದ. ಮೊದಲ ತಿಂಗಳು ಅವನ ಧ್ವನಿ ಕೂಡ್ಲಿಗಿಯಿಂದ ಬಸ್‌ಸ್ಟ್ಯಾಂಡಿನ ತನಕ ಇಳಿಯಿತು. ಆರು ತಿಂಗಳಿಗೆ ನಮ್ಮ ಓಣಿಗೆ ಬಂತು. ಅಂಗಡಿಯಲ್ಲಿ ಸಾಮಾನು ಕೇಳಿದರೆ ಅಂಗಡಿಯವರು, “ಆರಾಮ ಇಲ್ಲೇನ್ರೀ?” ಎಂದು ವಿಚಾರಿಸತೊಡಗಿದರು. ಗಂಟಲಲ್ಲಿ ಏನೋ ಬೆಳೆದಿದೆ ಎಂಬ ಸುದ್ದಿ ಹಬ್ಬಿ, ಹಳೆಯ ಡ್ರೈವರೊಬ್ಬರು ಹಣ್ಣು ಹಿಡಿದು ನೋಡಲು ಬಂದಿದ್ದರು!

ಪುಟ್ಟಿಯ ಮೊದಲ ಮಾತು “ಬಾ”. ಅದು ಬಸ್ಸಿನ ‘ಬ’ ಎಂದು ಮಾಮ, ನನ್ನನ್ನು ಕರೆದದ್ದೆಂದು ನಾನು. ಇಬ್ಬರೂ ಬಿಟ್ಟುಕೊಡಲಿಲ್ಲ. ಈಗ ಅವಳಿಗೆ ನಾಲ್ಕು ದಾಟಿದೆ. ಎರಡು ಮೂರು ಪದ ಕೂಡಿಸಿ ಹೇಳುತ್ತಾಳೆ. ನಮಗೆ ತಿಳಿಯುತ್ತದೆ, ಹೊರಗಿನವರಿಗೆ ಅರ್ಧ ತಿಳಿಯುತ್ತದೆ. ಅವಳ ವಯಸ್ಸಿನ ಮಕ್ಕಳು ಓಣಿಯಲ್ಲಿ ಪಟಪಟನೆ ಜಗಳವಾಡುವುದನ್ನು ಕೇಳಿದಾಗಲೆಲ್ಲ ನನಗೆ ಆ ಎಂಟು ತಿಂಗಳು ನೆನಪಾಗುತ್ತದೆ. ಯಾರೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಸ್ಪತ್ರೆಯಲ್ಲಿ ಆ ಹೆಣ್ಣುಮಗಳು ಹೇಳಿದ ಮಾತನ್ನು ನಾನು ಮಾಮನಿಗೆ ಹೇಳಿರಲಿಲ್ಲ. ಒಂದು ವರ್ಷ ವಾರಾವಾರ ಒಂದೇ ಸೀಟಿನಲ್ಲಿ ಕೂತು ಹೋಗಿ ಬಂದರೂ ಹೇಳಿರಲಿಲ್ಲ. ಹೇಳಿದರೆ ನಾನು ಮಾಡಿದ್ದು ಏನೆಂದು ಅವನಿಗೆ ಪೂರ್ತಿ ಗೊತ್ತಾಗುತ್ತದಲ್ಲ! ಹೋದ ತಿಂಗಳು ದಾವಣಗೆರೆಯಿಂದ ಬರುವಾಗ, ಉಚ್ಚಂಗಿದುರ್ಗದ ಗುಡ್ಡ ಕಿಟಕಿಯಲ್ಲಿ ಕಾಣುವ ಹೊತ್ತಿಗೆ, ಯಾಕೋ ತಡೆಯಲಾಗಲಿಲ್ಲ.

“ಮಾಮ, ಮಷೀನ್ ಹಾಕೋಕಿಂತ ಮೊದಲ ಪುಟ್ಟಿಗೆ ನಮ್ಮ ಯಾರ ಮಾತೂ ಕೇಳ್ತಿರಲಿಲ್ಲಂತ. ನಿನ್ನ ಮಾತು ಒಂದ ಕೇಳ್ತಿತ್ತಂತ.”

ಈಗ ಗೇಟಿನ ಮಾತು ಎತ್ತುತ್ತಾನೆ ಎಂದು ನಾನು ಕಾದೆ. ಎತ್ತಲಿ ಎಂದೇ ಕಾದೆ.

“ನನ್ನದೊಂದನಾ?” ಅಂದ. ಆಮೇಲೆ, “ಮದಲ ಗೊತ್ತಿದ್ರ ನಾಕು ಚಲೋ ಮಾತು ಆಡ್ತಿದ್ನಲ್ಲವಾ. ಬರೇ ಬಸ್ಸಿನ ಟೈಮ್ ಹೇಳಿಬಿಟ್ನಲ್ಲ ಕೂಸಿಗೆ” ಅಂದ.

ನನ್ನ ತುಟಿಯ ತನಕ ಬಂದ ‘ತಪ್ಪಾಯ್ತು’ ಅಲ್ಲೇ ನಿಂತಿತು. ಮಾಮ ಟವೆಲ್ಲಿನಿಂದ ಮುಖ ಒರೆಸಿಕೊಂಡು, ತೊಡೆಯ ಮೇಲಿದ್ದ ಪುಟ್ಟಿಯ ಕಡೆ ಬಾಗಿ ಏನೋ ಹೇಳಿದ. ಪುಟ್ಟಿ ಅವನ ಮುಖವನ್ನೇ ನೋಡಿದಳು, ಆಮೇಲೆ ನಕ್ಕು ಅವನ ಕುತ್ತಿಗೆಗೆ ಕೈ ಹಾಕಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಏನು ಹೇಳಿದನೋ, ನನಗೆ ಕೇಳಿಸಲಿಲ್ಲ.